"ಪಾಸಿಟಿವ್ ಆಗಿರು" ಅಂತ ಎಲ್ಲರೂ ಹೇಳ್ತಾರೆ. ಹೇಗೆ ಅಂತ ಯಾರಾದರೂ ಹೇಳಿ

ಸಂಜೆಗತ್ತಲು:
ಎಲ್ಲರಿಗೂ ನಮಸ್ಕಾರ. ನನ್ನ ತಲೆ ಯಾವಾಗಲೂ ಕೆಟ್ಟದ್ದರ ಕಡೆಗೇ ಓಡುತ್ತದೆ. ಕಳಿಸಿದ ಮೆಸೇಜ್‌ಗೆ ಉತ್ತರ ಬರಲಿಲ್ಲ ಎಂದರೆ ಅವರಿಗೆ ನನ್ನ ಮೇಲೆ ಕೋಪ ಅಂತ ತೀರ್ಮಾನ ಆಗಿಬಿಡುತ್ತದೆ. ಮೇಲಧಿಕಾರಿ "ನಾಳೆ ಸ್ವಲ್ಪ ಮಾತಾಡೋದಿದೆ" ಎಂದರೆ ಆ ರಾತ್ರಿ ನಿದ್ದೆ ಇಲ್ಲ. ಹತ್ತು ಜನ ಕೆಲಸ ಚೆನ್ನಾಗಿದೆ ಎಂದರೂ ಹನ್ನೊಂದನೆಯವರು ತೋರಿಸಿದ ತಪ್ಪೇ ವಾರಗಟ್ಟಲೆ ಕೊರೆಯುತ್ತದೆ.

ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಉತ್ತರ ಒಂದೇ: ಪಾಸಿಟಿವ್ ಆಗಿರು. ಇರಬೇಕು ಅಂತ ನನಗೂ ಗೊತ್ತು ಸ್ವಾಮಿ. ಕನ್ನಡಿ ಮುಂದೆ ನಿಂತು "ನಾನು ಸಮರ್ಥೆ, ನಾನು ಗೆಲ್ಲುತ್ತೇನೆ" ಅಂತ ಹೇಳಿಕೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟರು. ಹೇಳಿಕೊಂಡೆ. ಒಳಗಿನಿಂದ ಯಾರೋ "ಓಹೋ, ಹೌದಾ?" ಎಂದು ಅಣಕಿಸಿದ ಹಾಗಾಯಿತು. ಮೊದಲಿಗಿಂತ ಜಾಸ್ತಿ ಬೇಜಾರಾಯಿತು.

ನಿಜವಾಗಲೂ ಬದಲಾದವರು ಇಲ್ಲಿ ಇದ್ದರೆ ಏನು ಮಾಡಿದಿರಿ ಅಂತ ಬರೆಯಿರಿ. ಸೂರ್ಯೋದಯದ ಚಿತ್ರದ ಮೇಲೆ ಸುಭಾಷಿತ ಬರೆದಿರೋದು ಮಾತ್ರ ದಯವಿಟ್ಟು ಬೇಡ.

ಓದುಹುಳು:
ಸಂಜೆಗತ್ತಲು ಅವರೇ, ಮೊದಲು ಕನ್ನಡಿಯ ವಿಷಯ. ಅದರಲ್ಲಿ ನಿಮ್ಮ ದೋಷ ಏನೂ ಇಲ್ಲ. ಜೋಆನ್ ವುಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. "ನಾನು ಪ್ರೀತಿಗೆ ಅರ್ಹ ವ್ಯಕ್ತಿ" ಎಂಬರ್ಥದ ಒಂದು ವಾಕ್ಯವನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಉಪಯೋಗ ಆಯಿತು. ತಮ್ಮನ್ನು ತಾವೇ ಕೀಳಾಗಿ ಕಾಣುವವರಿಗೆ ಮನಸ್ಸು ಇನ್ನೂ ಕುಗ್ಗಿತು. ಅಂದರೆ ಈ ಮದ್ದು ಯಾರಿಗೆ ಬೇಕೋ ಅವರಿಗೇ ಆಗಿಬರೋದಿಲ್ಲ. ಒಪ್ಪದ ಮಾತನ್ನು ಬಲವಂತವಾಗಿ ಹೇಳಿಸಿದರೆ ಮನಸ್ಸು ಎದುರು ವಾದಕ್ಕೆ ನಿಲ್ಲುತ್ತದೆ. ನಿಮಗೆ ಕೇಳಿಸಿದ "ಓಹೋ, ಹೌದಾ?" ಅದೇ.

ಎರಡನೆಯದು, ಹತ್ತು ಹೊಗಳಿಕೆ ಮರೆತು ಒಂದು ತೆಗಳಿಕೆ ಉಳಿಯೋದು. ಇದು ಎಲ್ಲರಲ್ಲೂ ಹೆಚ್ಚು ಕಡಿಮೆ ಇದೆ. ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 2001ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಸಂಬಂಧ, ಹಣ, ನೆನಪು, ಕಲಿಕೆ, ಎಲ್ಲಿ ನೋಡಿದರೂ ಕೆಟ್ಟದ್ದರ ಪೆಟ್ಟು ಒಳ್ಳೆಯದಕ್ಕಿಂತ ಬಲವಾಗಿತ್ತು. ಕಾರಣ ಊಹಿಸೋದು ಕಷ್ಟವಲ್ಲ. ಹಗ್ಗವನ್ನು ಹಾವು ಅಂದುಕೊಂಡರೆ ಒಂದು ಸಲ ಬೆಚ್ಚಿಬೀಳುತ್ತೀರಿ, ಅಷ್ಟೇ. ಹಾವನ್ನು ಹಗ್ಗ ಅಂದುಕೊಂಡರೆ ಕಥೆ ಮುಗಿಯಿತು. ಬೆಚ್ಚಿಬಿದ್ದವರೇ ಬದುಕಿ ಉಳಿದರು, ನಾವು ಅವರ ಮಕ್ಕಳು. ಹಾಗಾಗಿ ಈ ಸ್ವಭಾವವನ್ನು ಪೂರ್ತಿ ಕಿತ್ತುಹಾಕುತ್ತೇನೆ ಅಂತ ಹೊರಡಬೇಡಿ. ಆಗದ ಕೆಲಸ ಅದು.

ಆಗುವ ಕೆಲಸ ಬೇರೆ ಇದೆ. ಏರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ನೋಡುತ್ತಿದ್ದರು. ರೋಗಿ ಬಾಯಲ್ಲಿ ಒಂದು ಮಾತು ಹೇಳುತ್ತಿರುವಾಗಲೇ ಒಳಗೆ ಇನ್ನೊಂದು ಮಾತು ಸರಸರನೆ ಓಡುತ್ತಿರುತ್ತದೆ ಎಂಬುದು ಅವರ ಗಮನಕ್ಕೆ ಬಂತು. "ಡಾಕ್ಟರಿಗೆ ನನ್ನ ಮಾತು ಬೇಸರ ತರಿಸಿದೆ" ಅನ್ನುವ ತರಹದ್ದು. ಎಷ್ಟು ಬೇಗ ಬಂದು ಹೋಗುತ್ತದೆ ಎಂದರೆ ಅದೊಂದು ಯೋಚನೆ ಅಂತಲೇ ಗೊತ್ತಾಗೋದಿಲ್ಲ, ಉಳಿಯೋದು ಬೇಜಾರು ಮಾತ್ರ. ಇವಕ್ಕೆ ಅವರು ಆಟೊಮ್ಯಾಟಿಕ್ ಥಾಟ್ಸ್, ಅಂದರೆ ತಾವಾಗಿಯೇ ಬರುವ ಯೋಚನೆಗಳು, ಅಂದರು. ಅವನ್ನು ಹಿಡಿದು, ಬರೆದು, ಪರೀಕ್ಷೆ ಮಾಡುವ ವಿಧಾನವೇ ಬೆಳೆದು ಇವತ್ತಿನ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ) ಆಗಿದೆ.

ನೀವೂ ಇದನ್ನು ಮಾಡಬಹುದು. ಮನಸ್ಸು ದಿಢೀರ್ ಅಂತ ಇಳಿದಾಗ ಕಾಗದ ತೆಗೆದುಕೊಳ್ಳಿ. ಏನಾಯಿತು ಅಂತ ಬರೆಯಿರಿ. ಆ ಕ್ಷಣ ತಲೆಯಲ್ಲಿ ಬಂದ ವಾಕ್ಯ ಯಾವುದು, ಅದನ್ನೂ ಹಾಗೆಯೇ ಬರೆಯಿರಿ. ಅದು ನಿಜ ಅನ್ನೋದಕ್ಕೆ ಏನು ಸಾಕ್ಷಿ, ನಿಜ ಅಲ್ಲ ಅನ್ನೋದಕ್ಕೆ ಏನು ಸಾಕ್ಷಿ. ಕೊನೆಗೆ, ಎರಡನ್ನೂ ನೋಡಿದ ಮೇಲೆ ನಂಬಬಹುದಾದ ಒಂದು ವಾಕ್ಯ. ಅದು ಸಿಹಿಯಾಗಿರಬೇಕು ಅಂತೇನಿಲ್ಲ. "ಅವರಿಗೆ ನಾನಂದ್ರೆ ತುಂಬಾ ಇಷ್ಟ" ಅಂತ ಬರೆದರೆ ಮತ್ತೆ ಕನ್ನಡಿಯ ಗತಿಯೇ. "ಉತ್ತರ ಯಾಕೆ ಬಂದಿಲ್ಲ ಅಂತ ನನಗೆ ಗೊತ್ತಿಲ್ಲ" ಅಂದರೆ ಸಾಕು.

ಅಡ್ಡಮಾತು:
ನಾನು ಹೆಸರಿಗೆ ತಕ್ಕ ಹಾಗೆ ಅಡ್ಡ ಮಾತೇ ಆಡುತ್ತೇನೆ, ಬೈಬೇಡಿ.

ಈ ಪಾಸಿಟಿವಿಟಿ ಅನ್ನೋದು ದೊಡ್ಡ ವ್ಯಾಪಾರ. ವಿಜ್ಞಾನದ ಹೆಸರಲ್ಲಿ ಬಂದದ್ದೂ ಎಲ್ಲ ಗಟ್ಟಿ ಅಲ್ಲ. 2005ರಲ್ಲಿ ಒಂದು ಪ್ರಬಂಧ ಬಂತು. ಒಂದು ಕೆಟ್ಟ ಭಾವನೆಗೆ 2.9013 ಒಳ್ಳೆಯ ಭಾವನೆ ಇದ್ದರೆ ಮನುಷ್ಯ ಅರಳುತ್ತಾನೆ ಅಂತ. ದಶಾಂಶದ ನಂತರ ನಾಲ್ಕು ಅಂಕಿ ನೋಡಿ! ಎಷ್ಟೋ ಉಪನ್ಯಾಸಗಳಲ್ಲಿ "ಮೂರಕ್ಕೆ ಒಂದು" ಅಂತ ಇದು ಓಡಾಡಿತು. 2013ರಲ್ಲಿ ನಿಕ್ ಬ್ರೌನ್, ಅಲನ್ ಸೋಕಲ್, ಹ್ಯಾರಿಸ್ ಫ್ರೀಡ್‌ಮನ್ ಸೇರಿ ಆ ಗಣಿತಕ್ಕೆ ಬುಡವೇ ಇಲ್ಲ ಅಂತ ತೋರಿಸಿದರು. ಗಣಿತದ ಭಾಗವನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಉಪನ್ಯಾಸಗಳು ಮಾತ್ರ ಮುಂದುವರೆದವು.

ಇನ್ನೊಂದು ವಿಷಯ. ಮೈತುಂಬಾ ಸಾಲ ಇರುವವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ದಿನಾ ಬೈಸಿಕೊಂಡು ಕೆಲಸ ಮಾಡುವವರು, ಇವರಿಗೆ "ನಿಮ್ಮ ದೃಷ್ಟಿ ಬದಲಿಸಿಕೊಳ್ಳಿ" ಅನ್ನೋದು ಉಪದೇಶವಲ್ಲ, ಅವಮಾನ. ಅವರ ಯೋಚನೆಗೆ ಸಾಕ್ಷಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಆಗೇನು ಮಾಡೋದು?

ಓದುಹುಳು:
ಒಳ್ಳೆಯ ಪ್ರಶ್ನೆ, ಅಡ್ಡಮಾತು ಅವರೇ. ಸಾಕ್ಷಿ ಇದ್ದರೆ ಅದು ನೆಗೆಟಿವ್ ಯೋಚನೆ ಅಲ್ಲ, ಸಮಸ್ಯೆ. ಸಮಸ್ಯೆಗೆ ಬೇಕಾಗಿರೋದು ಪರಿಹಾರ, ಇಲ್ಲವೇ ಯಾರದಾದರೂ ಸಹಾಯ. ಸಾಲ ಇದೆ ಅನ್ನೋದು ನಿಜ. "ಸಾಲ ಇದೆ, ಆದ್ದರಿಂದ ನಾನು ಯಾವುದಕ್ಕೂ ಲಾಯಕ್ಕಿಲ್ಲ" ಅನ್ನುವಲ್ಲಿ ಎರಡನೇ ಭಾಗ ಮಾತ್ರ ಪರೀಕ್ಷೆಗೆ ಬರೋದು. ಮೊದಲನೆಯದನ್ನು ಮುಟ್ಟಬಾರದು. ಮುಟ್ಟುವವರು ಇದ್ದಾರೆ, ಅಲ್ಲಿ ನಿಮ್ಮ ಸಿಟ್ಟು ಸರಿ.

ನಿಧಾನಿ:
ನನ್ನದು ಬೇರೆ ದಾರಿ. ನನಗೆ ಈ ಬರೆಯೋದು ಕೂಡಿಬರಲಿಲ್ಲ. ಬರೆಯೋಕೆ ಕೂತರೆ ಅದೇ ಯೋಚನೆ ಇನ್ನೂ ನಾಲ್ಕು ಪುಟ ಆಗುತ್ತಿತ್ತು. ನಾನು ಕೌನ್ಸೆಲರ್ ಹತ್ತಿರ ಹೋಗುತ್ತಿದ್ದಾಗ ಅವರು "ಯೋಚನೆ ಹಾಗಿರಲಿ, ದಿನ ಹೇಗೆ ಕಳೆಯುತ್ತೀರಿ ಹೇಳಿ" ಅಂದರು. ಹೇಳುತ್ತಾ ಹೋದ ಹಾಗೆ ನನಗೇ ಗೊತ್ತಾಯಿತು. ಮನಸ್ಸು ಸರಿಯಿಲ್ಲ ಅಂತ ಒಂದೊಂದನ್ನೇ ಬಿಟ್ಟಿದ್ದೆ. ವಾಕಿಂಗ್ ಬಿಟ್ಟೆ, ಸ್ನೇಹಿತರ ಫೋನ್ ಎತ್ತೋದು ಬಿಟ್ಟೆ, ಹಾಡೋದು ಬಿಟ್ಟೆ. ಬಿಟ್ಟಿದ್ದರಿಂದ ದಿನದಲ್ಲಿ ಖುಷಿ ಕೊಡುವಂಥದ್ದು ಏನೂ ಉಳಿದಿರಲಿಲ್ಲ. ಏನೂ ಇಲ್ಲದ ದಿನದಲ್ಲಿ ಮನಸ್ಸು ಹೇಗೆ ತಾನೇ ಸರಿಯಿರುತ್ತೆ?

ಅವರು ಕೊಟ್ಟ ಕೆಲಸ ತೀರಾ ಸಣ್ಣದು. ಮನಸ್ಸು ಬರಲಿ ಅಂತ ಕಾಯಬೇಡಿ, ಗಡಿಯಾರ ನೋಡಿ ಮಾಡಿ. ಇಷ್ಟು ಗಂಟೆಗೆ ಹತ್ತು ನಿಮಿಷ ನಡೆಯೋದು. ಇಷ್ಟು ಗಂಟೆಗೆ ಒಬ್ಬರಿಗೆ ಫೋನ್. ಮಾಡುವ ಮೊದಲು ಎಷ್ಟು ಖುಷಿ ಸಿಗಬಹುದು ಅಂತ ಹತ್ತಕ್ಕೆ ಒಂದು ಅಂಕ, ಮಾಡಿದ ಮೇಲೆ ಇನ್ನೊಂದು ಅಂಕ. ಮೊದಲ ಅಂಕ ಯಾವಾಗಲೂ ಒಂದು ಇಲ್ಲವೇ ಎರಡು. ಎರಡನೆಯದು ಎಂಟು ಒಂಬತ್ತು ಆಗಲಿಲ್ಲ ಬಿಡಿ, ನಾಲ್ಕೋ ಐದೋ. ಆದರೆ ನನ್ನ ತಲೆ ಹೇಳುವ ಭವಿಷ್ಯ ಯಾವಾಗಲೂ ಒಂದೇ ಕಡೆ ತಪ್ಪುತ್ತದೆ ಅಂತ ಕಣ್ಣಿಗೆ ಕಂಡಿತು. ಸಾವಿರ ಸಮಾಧಾನದ ಮಾತಿಗಿಂತ ಅದು ನನಗೆ ನಾಟಿತು.

ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತಾರಂತೆ. ಹೆಸರು ದೊಡ್ಡದು, ಕೆಲಸ ಸಣ್ಣದು.

ಓದುಹುಳು:
ನಿಧಾನಿ ಅವರ ಮಾತಿಗೆ ಒಂದು ಹಿನ್ನೆಲೆ ಸೇರಿಸುತ್ತೇನೆ, ನನಗೆ ತುಂಬಾ ಇಷ್ಟವಾದ ವಿಷಯ ಇದು. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದರು (ಕ್ರೂರ ಪ್ರಯೋಗ, ಈಗ ಯಾರೂ ಬಿಡೋದಿಲ್ಲ). ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದರೂ ಸುಮ್ನೆ ಮಲಗಿಬಿಟ್ಟವು. ಅಸಹಾಯಕತೆಯನ್ನು ಕಲಿತವು ಎಂದು ಆಗ ವಿವರಿಸಿದರು. ಸುಮಾರು ಐವತ್ತು ವರ್ಷ ಆದ ಮೇಲೆ, 2016ರಲ್ಲಿ, ಅದೇ ಇಬ್ಬರು ಮೆದುಳಿನ ಅಧ್ಯಯನಗಳನ್ನು ಇಟ್ಟುಕೊಂಡು ತಮ್ಮ ವಿವರಣೆಯನ್ನೇ ತಿರುಗಿಸಿ ಹಾಕಿದರು. ದೀರ್ಘಕಾಲದ ಕಷ್ಟಕ್ಕೆ ಕುಸಿದು ಕೂರೋದು ಮೆದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ. ಕಲಿಯಬೇಕಾಗಿರೋದು "ನಾನು ಮಾಡಿದ್ದರಿಂದ ಏನೋ ಬದಲಾಗುತ್ತದೆ" ಅನ್ನೋದನ್ನು. ಹತ್ತು ನಿಮಿಷದ ನಡಿಗೆ ಯಾಕೆ ಕೆಲಸ ಮಾಡಿತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಸಂಜೆಗತ್ತಲು:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಒಂದು ಕೇಳೋದಿದೆ. ಹಗಲು ಹೇಗೋ ಆಗುತ್ತದೆ, ರಾತ್ರಿ ಮಲಗಿದಾಗ ಶುರುವಾಗುತ್ತದಲ್ಲ, ಅದಕ್ಕೇನು? "ಯೋಚನೆ ಮಾಡಬಾರದು, ಮಾಡಬಾರದು" ಅಂದುಕೊಂಡಷ್ಟೂ ಜಾಸ್ತಿ ಆಗುತ್ತದೆ.

ಮೂರನೇ ಬೆಂಚು:
ಬಿಳಿ ಕರಡಿ! ಡೇನಿಯಲ್ ವೆಗ್ನರ್ ಎಂಬುವರು 1987ರಲ್ಲಿ ಮಾಡಿದ ಪ್ರಯೋಗ. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲಿಂದಲೇ ಯೋಚಿಸೋಕೆ ಬಿಟ್ಟಿದ್ದವರಿಗಿಂತ ತಡೆಹಿಡಿದವರ ತಲೆಯಲ್ಲೇ ಕರಡಿ ಜಾಸ್ತಿ ಬಂತು. ಈಗ ನಿಮ್ಮೆಲ್ಲರ ತಲೆಯಲ್ಲೂ ಬಂದಿದೆ, ಅಲ್ವಾ?

ಹಾಗಾಗಿ "ಬೇಡ" ಅನ್ನೋದು ಉಪಾಯವಲ್ಲ, "ಈಗಲ್ಲ" ಅನ್ನೋದು ಉಪಾಯ. ಸಂಜೆ ಹೊತ್ತು ಅರ್ಧ ಗಂಟೆ ಚಿಂತೆಗೇ ಅಂತ ಇಡಿ. ಬೇರೆ ಹೊತ್ತಲ್ಲಿ ಬಂದರೆ ಒಂದು ಸಾಲು ಬರೆದುಕೊಂಡು "ಸಂಜೆ ನೋಡ್ತೀನಿ" ಅನ್ನಿ. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1980ರ ದಶಕದಲ್ಲೇ ಇದನ್ನು ಪರೀಕ್ಷಿಸಿದ್ದರು, ಚಿಂತೆ ಕಡಿಮೆಯಾಗಿತ್ತು. ಸಂಜೆ ಕೂತು ಪಟ್ಟಿ ನೋಡಿದರೆ ಅರ್ಧಕ್ಕರ್ಧ ತಾನಾಗಿಯೇ ಸತ್ತಿರುತ್ತವೆ. ಹಾಸಿಗೆ ಮೇಲೆ ಮಾತ್ರ ಈ ಸಭೆ ಬೇಡ. ನಿದ್ದೆ ಬರದಿದ್ದರೆ ಎದ್ದು ಹೋಗಿ ಬೇರೆ ಕಡೆ ಕೂರಿ.

ಇನ್ನೊಂದು ಸಣ್ಣ ಉಪಾಯ. ಕೇಳೋಕೆ ತಮಾಷೆ. ಒಳಗೆ ಮಾತಾಡಿಕೊಳ್ಳುವಾಗ "ನಾನು" ಅನ್ನಬೇಡಿ, ನಿಮ್ಮ ಹೆಸರು ಹಿಡಿದು ಕರೆಯಿರಿ. "ನಾನ್ಯಾಕೆ ಹೀಗೆ" ಅಂದಾಗ ಒಳಗೆ ಮುಳುಗುತ್ತೇವೆ. ಹೆಸರು ಹಿಡಿದು "ಏನಮ್ಮಾ, ಯಾಕೆ ಹೆದರಿದೀಯ?" ಅಂದರೆ ಸ್ನೇಹಿತೆಗೆ ಹೇಳಿದ ಹಾಗೆ ಆಗುತ್ತದೆ. ಈಥನ್ ಕ್ರಾಸ್ ತಂಡ 2014ರಲ್ಲಿ ಭಾಷಣಕ್ಕೆ ಮುಂಚೆ ಜನರಿಂದ ಹೀಗೆ ಮಾಡಿಸಿ ನೋಡಿತು. ಹೆಸರು ಹಿಡಿದವರು ಕಡಿಮೆ ಗಾಬರಿಯಾದರು. ಜೋರಾಗಿ ಮಾತ್ರ ಹೇಳಬೇಡಿ, ಅಕ್ಕಪಕ್ಕದವರು ಗಾಬರಿಯಾಗುತ್ತಾರೆ.

ಹೂಬಿಸಿಲು:
ಯಾರೂ ಕೃತಜ್ಞತಾ ಡೈರಿ ಬಗ್ಗೆ ಹೇಳಲೇ ಇಲ್ಲವಲ್ಲ! ನನಗೆ ತುಂಬಾ ಉಪಯೋಗ ಆಗಿದೆ. ದಿನಾ ಮೂರು ಒಳ್ಳೆಯ ವಿಷಯ ಬರೆಯೋದು.

ಅಡ್ಡಮಾತು:
ನನ್ನ ಹೆಂಡತಿ ಬರೆಯುತ್ತಿದ್ದಳು. ಎರಡನೇ ವಾರದಿಂದ ದಿನಾ ಅದೇ ಮೂರು: ಆರೋಗ್ಯ, ಮನೆ, ಮಕ್ಕಳು. ನನ್ನ ಹೆಸರು ಒಂದು ದಿನವೂ ಬರಲಿಲ್ಲ ಅನ್ನೋದು ಬೇರೆ ಮಾತು.

ಹೂಬಿಸಿಲು:
ಹ್ಹಹ್ಹ. ಅದಕ್ಕೇ ಸಾಮಾನ್ಯ ಮಾತು ಬರೆಯಬಾರದು ಸರ್. "ಆರೋಗ್ಯ" ಅಂತಲ್ಲ, "ಇವತ್ತು ಮೆಟ್ಟಿಲು ಹತ್ತುವಾಗ ಮಂಡಿ ನೋಯಲಿಲ್ಲ" ಅಂತ. ಅಂಥದ್ದು ಬರೆಯಬೇಕು ಅಂದರೆ ಹಗಲೆಲ್ಲ ನೋಡುತ್ತಾ ಇರಬೇಕಾಗುತ್ತದೆ, ಲಾಭ ಇರೋದು ಆ ನೋಡೋದರಲ್ಲಿ. ದಿನಾ ಬೇಸರವಾದರೆ ವಾರಕ್ಕೊಮ್ಮೆ ಬರೆದರೂ ಆಗುತ್ತದೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಅವರ 2003ರ ಅಧ್ಯಯನದ ಒಂದು ಭಾಗದಲ್ಲಿ ವಾರಕ್ಕೊಮ್ಮೆಯೇ ಬರೆಸಿದ್ದು. ಕಿರಿಕಿರಿಗಳನ್ನು ಬರೆದವರಿಗಿಂತ ಇವರಿಗೆ ಮುಂದಿನ ವಾರದ ಬಗ್ಗೆ ಭರವಸೆ ಹೆಚ್ಚಿತ್ತು.

ಲೆಕ್ಕಿಗ:
ನಾನು ನೆಗೆಟಿವ್ ಮನುಷ್ಯ, ಹಾಗೇ ಇರುತ್ತೇನೆ. ನನ್ನಂಥವರ ಪರವಾಗಿ ಎರಡು ಮಾತು.

ಒಳ್ಳೆಯದೇ ಆಗುತ್ತದೆ ಅಂತ ಕನಸು ಕಾಣೋದರಲ್ಲಿ ಅಪಾಯ ಇದೆ. ಗಾಬ್ರಿಯೆಲೆ ಓಟಿಂಗನ್ ಎಂಬ ಜರ್ಮನಿಯ ಸಂಶೋಧಕಿ 1991ರಲ್ಲಿ ಟಾಮ್ ವಾಡನ್ ಅವರ ಜೊತೆ ತೂಕ ಇಳಿಸಿಕೊಳ್ಳಲು ಬಂದ ಮಹಿಳೆಯರ ಮೇಲೆ ಮಾಡಿದ ಅಧ್ಯಯನ ನೋಡಿ. ಇಳಿಸುತ್ತೇನೆ ಎಂಬ ನಂಬಿಕೆ ಇದ್ದವರು ಹೆಚ್ಚು ಇಳಿಸಿದರು. ಆದರೆ ತೆಳ್ಳಗಾದ ಮೇಲೆ ಎಲ್ಲ ಎಷ್ಟು ಸೊಗಸು ಅಂತ ಬಣ್ಣಬಣ್ಣದ ಕನಸು ಕಂಡವರು ಕಡಿಮೆ ಇಳಿಸಿದರು. ಕನಸಲ್ಲೇ ಗುರಿ ಮುಟ್ಟಿದ ಮೇಲೆ ಎದ್ದು ಓಡುವವರು ಯಾರು? ಓಟಿಂಗನ್ ಆಮೇಲೆ ಹೇಳಿಕೊಟ್ಟ ಕ್ರಮ ಹೀಗಿದೆ: ಏನು ಬೇಕು ಅಂತ ಯೋಚಿಸಿ, ಕೂಡಲೇ ಅಡ್ಡ ಬರೋದು ಏನು ಅಂತ ಯೋಚಿಸಿ, ಮುಖ್ಯವಾಗಿ ನಿಮ್ಮೊಳಗಿನ ಅಡ್ಡಿ. ಅಡ್ಡಿ ಬಂದರೆ ಏನು ಮಾಡುತ್ತೇನೆ ಅಂತ ಮೊದಲೇ ನಿರ್ಧರಿಸಿ.

ಜೂಲಿ ನೋರೆಮ್ ಎಂಬುವರು 1980ರ ದಶಕದಿಂದ ನನ್ನ ಜಾತಿಯವರನ್ನೇ ಅಧ್ಯಯನ ಮಾಡಿದ್ದಾರೆ. ಪರೀಕ್ಷೆ, ಸಂದರ್ಶನ ಇದ್ದರೆ ಏನೇನು ಕೆಡಬಹುದು ಅಂತ ಮೊದಲೇ ಎಣಿಸಿ ತಯಾರಿ ಮಾಡಿಕೊಳ್ಳುವವರು. ಇವರಿಗೆ ಧೈರ್ಯ ತುಂಬಿ "ಏನೂ ಆಗಲ್ಲ ಬಿಡು" ಅಂದರೆ ಫಲಿತಾಂಶ ಕೆಡುತ್ತದೆ. ಆದ್ದರಿಂದ ಸಂಜೆಗತ್ತಲು ಮೇಡಂ, ನಿಮ್ಮ ಚಿಂತೆಯಿಂದ ತಯಾರಿ ಹುಟ್ಟುತ್ತಿದ್ದರೆ ಅದನ್ನು ಇಟ್ಟುಕೊಳ್ಳಿ. ಏನೂ ಹುಟ್ಟದೆ ಸುಮ್ನೆ ಸುತ್ತುತ್ತಿದ್ದರೆ ಅದು ದಂಡ.

ಮುಂಗೋಪಿ:
ನನ್ನ ಪ್ರಶ್ನೆ ಸ್ವಲ್ಪ ಬೇರೆ. ನೆಗೆಟಿವ್ ಇರೋದು ನಾನಲ್ಲ, ನಮ್ಮ ಅಪ್ಪ. ಏನು ಹೇಳಿದರೂ "ಆಗಲ್ಲ, ಕೈ ಸುಟ್ಟುಕೊಳ್ತೀಯ". ಎಷ್ಟು ವಾದ ಮಾಡಿದರೂ ಬದಲಾಗೋದಿಲ್ಲ.

ನಿಧಾನಿ:
ವಾದ ಮಾಡೋದನ್ನು ಬಿಡಿ ಅಷ್ಟೇ. ನೀವು ಒಂದು ಕಡೆ ಎಳೆದರೆ ಅವರು ಇನ್ನೊಂದು ಕಡೆ ಎಳೆಯುತ್ತಾರೆ. "ಯಾವುದು ಕೆಡಬಹುದು ಅಂತ ನಿಮಗೆ ಅನಿಸ್ತಿದೆ ಅಪ್ಪಾ?" ಅಂತ ಕೇಳಿ ನೋಡಿ. ಹೆಚ್ಚಿನ ಸಲ ಅದರ ಹಿಂದೆ ಅವರದೇ ಒಂದು ಹಳೆಯ ಪೆಟ್ಟು ಇರುತ್ತದೆ. ಲೆಕ್ಕಿಗ ಅವರು ಹೇಳಿದ ಹಾಗೆ ಅವರ ಭಯದಲ್ಲಿ ನಿಮಗೆ ಉಪಯೋಗದ ಮಾಹಿತಿಯೂ ಇರಬಹುದು. ಅವರನ್ನು ಬದಲಿಸೋದು ನಿಮ್ಮ ಕೆಲಸ ಅಂತ ಅಂದುಕೊಳ್ಳಬೇಡಿ, ಸುಸ್ತಾಗುತ್ತೀರಿ.

ಮುಂಗೋಪಿ:
ಪ್ರಯತ್ನ ಮಾಡುತ್ತೇನೆ. ಕೋಪ ಬರದಿದ್ದರೆ.

ಬಿಳಿಕೋಟು:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅದಕ್ಕೇ ಇದು ಹೇಳಲೇಬೇಕು. ಎಲ್ಲವೂ ಮೈಂಡ್‌ಸೆಟ್ ಅಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ಕಡಿಮೆ ಇದ್ದರೂ, ಬಿ12 ಕೊರತೆ ಇದ್ದರೂ ಮನಸ್ಸು ಕುಗ್ಗುತ್ತದೆ. ಅದಕ್ಕೆ ಡೈರಿ ಅಲ್ಲ, ರಕ್ತ ಪರೀಕ್ಷೆ ಬೇಕು. ಹೆರಿಗೆಯ ನಂತರ ಹೀಗಾದರೆ ಮನೆಯವರು "ಎಲ್ಲರಿಗೂ ಇದ್ದದ್ದೇ" ಅಂತ ತಳ್ಳಿಹಾಕಬಾರದು. ಬದುಕೋದೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಅಂತ ಲೆಕ್ಕ ಹಾಕಬೇಡಿ. ಅವತ್ತೇ ಯಾರಿಗಾದರೂ ಹೇಳಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಮಾತ್ರೆ ತೆಗೆದುಕೊಂಡರೆ ಪಾಸಿಟಿವ್ ಆಗಿ ಯೋಚಿಸೋಕೆ ಬಾರದವರು ಅಂತ ಅರ್ಥವಲ್ಲ. ಎಷ್ಟೋ ಜನ ಇದೇ ನಾಚಿಕೆಯಿಂದ ತಡವಾಗಿ ಬರುತ್ತಾರೆ.

ಸಂಜೆಗತ್ತಲು:
ಬಿಳಿಕೋಟು ಅವರೇ, ನನಗೆ ಅಷ್ಟು ಇಲ್ಲ, ಆದರೂ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಇದೆಲ್ಲ ರೂಢಿ ಆಗೋಕೆ ಎಷ್ಟು ದಿನ ಬೇಕು? 21 ದಿನ ಅಂತ ಕೇಳಿದ್ದೆ.

ಲೆಕ್ಕಿಗ:
ಆ 21ರ ಕಥೆ ಚೆನ್ನಾಗಿದೆ. 1960ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳೋಕೆ ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ "ಕಡಿಮೆ ಅಂದರೂ" ಬಿದ್ದುಹೋಯಿತು. ಮೂಗಿನ ಕಥೆ ಅಭ್ಯಾಸದ ಕಥೆ ಆಯಿತು. ಲಂಡನ್‌ನಲ್ಲಿ ಫಿಲಿಪಾ ಲ್ಯಾಲಿ ತಂಡ ನಿಜವಾಗಿ ಅಳೆದು 2010ರಲ್ಲಿ ಪ್ರಕಟಿಸಿತು: ಮಧ್ಯದ ಲೆಕ್ಕ ಸುಮಾರು 66 ದಿನ, ಆದರೆ 18ರಿಂದ 254ರ ತನಕ ಹರಡಿತ್ತು. ಅದೂ ನೀರು ಕುಡಿಯೋದು, ನಡೆಯೋದು ಇಂಥ ಸರಳ ಅಭ್ಯಾಸಗಳಿಗೆ. ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಏನೂ ಆಗಲಿಲ್ಲ ಅನ್ನೋದನ್ನೂ ಕಂಡರು. ನಿಮ್ಮಂಥವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು. ಒಂದು ದಿನ ತಪ್ಪಿದ ಕೂಡಲೇ "ನನ್ನ ಕೈಲಿ ಆಗಲ್ಲ" ಅಂತ ನಿಮ್ಮ ತಲೆ ಹೇಳುತ್ತದೆ, ನೋಡುತ್ತಿರಿ.

ಸಂಜೆಗತ್ತಲು:
ಓದುಹುಳು ಅವರ ವಿಧಾನದಲ್ಲಿ ಇವತ್ತಿನದು ಬರೆದಿದ್ದೇನೆ. ಸರಿ ಇದೆಯಾ ನೋಡಿ.

ಏನಾಯಿತು: ಮೀಟಿಂಗ್‌ನಲ್ಲಿ ನಾನು ಮಾತಾಡುವಾಗ ಇಬ್ಬರು ಫೋನ್ ನೋಡುತ್ತಿದ್ದರು.
ಬಂದ ಯೋಚನೆ: ನನ್ನ ಮಾತಿಗೆ ಇಲ್ಲಿ ಬೆಲೆ ಇಲ್ಲ.
ನಿಜ ಅನ್ನೋದಕ್ಕೆ: ಇಬ್ಬರೂ ಬೇಕಂತಲೇ ತಲೆ ಎತ್ತಲಿಲ್ಲ. ಯಾರೂ ಪ್ರಶ್ನೆ ಕೇಳಲಿಲ್ಲ.
ಅಲ್ಲ ಅನ್ನೋದಕ್ಕೆ: ಆ ಇಬ್ಬರು ಬೇರೆಯವರು ಮಾತಾಡುವಾಗಲೂ ಫೋನ್ ನೋಡುತ್ತಾರೆ. ನಾನು ಹೇಳಿದ ಒಂದು ಬದಲಾವಣೆ ಮಾಡಲು ಒಪ್ಪಿದರು.
ಕೊನೆಗೆ: ಕೆಲವರು ಕೇಳಲಿಲ್ಲ, ಆದರೆ ಮಾತು ಪೂರ್ತಿ ವ್ಯರ್ಥ ಆಗಲಿಲ್ಲ.

ಅಡ್ಡಮಾತು:
ಮೂರನೇ ಸಾಲಲ್ಲಿ "ಬೇಕಂತಲೇ" ಹೊಡೆದುಹಾಕಿ ಮೇಡಂ. ಅದು ಸಾಕ್ಷಿ ಅಲ್ಲ, ಸಾಕ್ಷಿಯ ಜಾಗದಲ್ಲಿ ಕೂತಿರುವ ಊಹೆ. ನೀವು ಅವರ ತಲೆಯೊಳಗೆ ಹೋಗಿ ನೋಡಿದಿರಾ?

ಓದುಹುಳು:
ಅಡ್ಡಮಾತು ಅವರೇ, ನೀವು ಈ ಕೆಲಸಕ್ಕೆ ಹೇಳಿ ಮಾಡಿಸಿದವರು! ಉಳಿದದ್ದು ಚೆನ್ನಾಗಿದೆ. ಕೊನೆಯ ವಾಕ್ಯ ನೀವು ನಂಬುವಂಥದ್ದೇ ಇದೆ, ಅಲ್ವಾ? ಪ್ರಶ್ನೆ ಬರಲಿಲ್ಲ ಅನ್ನೋದನ್ನು ಮುಂದಿನ ಸಲ ಪರೀಕ್ಷೆ ಮಾಡಬಹುದು. ಮಾತು ಮುಗಿಸಿದ ಮೇಲೆ ಒಬ್ಬರ ಕಡೆ ತಿರುಗಿ "ಇದರಲ್ಲಿ ನಿಮಗೆ ಯಾವುದು ಸರಿ ಕಾಣಲಿಲ್ಲ?" ಅಂತ ನೇರವಾಗಿ ಕೇಳಿ. ಕೇಳುವ ಮೊದಲು ಏನು ಉತ್ತರ ಬರುತ್ತದೆ ಅಂತ ನಿಮ್ಮ ಊಹೆಯನ್ನು ಬರೆದಿಡಿ. ಬಂದ ಉತ್ತರವನ್ನು ಪಕ್ಕದಲ್ಲೇ ಬರೆಯಿರಿ.

ಸಂಜೆಗತ್ತಲು:
ಹೊಡೆದುಹಾಕಿದೆ. ಮುಂದಿನ ಮೀಟಿಂಗ್ ಗುರುವಾರ ಇದೆ. ಊಹೆ ಈಗಲೇ ಬರೆದಿಟ್ಟಿದ್ದೇನೆ, ಏನು ಅಂತ ಮಾತ್ರ ಕೇಳಬೇಡಿ.